ಕ್ಯಾನ್ಸರ್ ರೋಗಿಯ ಊಟವೂ ದಾದಿಯ ಎಚ್ಚರವೂ

ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬುದು ನಮ್ಮ ನಾಡಿನ ಹಳೆಯ ಶಿಷ್ಟಾಚಾರ. ನಾಲ್ಕು ಬಾಳೆಯ ಹಣ್ಣೋ, ಒಂದು ಎಳನೀರೋ, ಮನೆಯಲ್ಲಿ ಮಾಡಿದ ಒಂದಿಷ್ಟು ಹುಗ್ಗಿಯೋ ಕೈಯಲ್ಲಿ ಇದ್ದೇ ಇರುತ್ತದೆ. ಆಸ್ಪತ್ರೆಯಲ್ಲಿ ಊಟದ ಏರ್ಪಾಡು ಇದ್ದರೂ ಮನೆಯವರ ಬುತ್ತಿ ನಿಂತಿಲ್ಲ. ನಿಲ್ಲಬೇಕಾದ ಅವಶ್ಯವೂ ಇಲ್ಲ. ಕಾಯಿಲೆಯಿಂದ ಬಾಯಿ ಕೆಟ್ಟವನಿಗೆ ತಾಯಿಯ ಕೈಯ ಅಡಿಗೆಯಷ್ಟು ಹಿತವಾದುದು ಬೇರೆ ಯಾವುದುಂಟು? ಆದರೆ ಹಾಸಿಗೆಯಲ್ಲಿ ಮಲಗಿರುವವನು ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವ ರೋಗಿಯಾದರೆ, ಈ ಪ್ರೀತಿಯ ಬುತ್ತಿಯನ್ನು ಕುರಿತು ನಾವು ತುಸು ನಿಂತು ಯೋಚಿಸಬೇಕಾಗುತ್ತದೆ. ನಮಗಿಂತ ಮೊದಲು ಯೋಚಿಸಬೇಕಾದವಳು ಆ ವಾರ್ಡಿನ ದಾದಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಚಿತ್ರದುರ್ಗದ ಕಡೆಯ ಒಂದು ಹಳ್ಳಿಯ ಹುಡುಗ. ಅವನಿಗೆ ರಕ್ತದ ಕ್ಯಾನ್ಸರು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವನಿಗೆ ಔಷಧ ಕೊಟ್ಟು ಹತ್ತು ದಿನಗಳಾಗಿವೆ. ಬಾಯೆಲ್ಲ ಹುಣ್ಣಾಗಿ ಆಸ್ಪತ್ರೆಯ ಊಟ ಸೇರುತ್ತಿಲ್ಲ. ಇದನ್ನು ಕೇಳಿದ ತಾಯಿ ಬೆಳಗಿನ ಜಾವ 4 ಗಂಟೆಗೆ ಎದ್ದು, ಖಾರವಿಲ್ಲದಂತೆ ಮೆತ್ತಗೆ ಹೆಸರುಬೇಳೆಯ ಹುಗ್ಗಿಯನ್ನು ಮಾಡಿ, ತುಪ್ಪ ಹಾಕಿ, ಸ್ಟೀಲಿನ ಡಬ್ಬಿಗೆ ತುಂಬಿ, ಬಟ್ಟೆಯಲ್ಲಿ ಬಿಗಿದು ಮೊದಲ ಬಸ್ಸನ್ನು ಹಿಡಿಯುತ್ತಾಳೆ. ವಾರ್ಡನ್ನು ಸೇರುವಾಗ 11 ಗಂಟೆ. ಹುಡುಗ ನಿದ್ದೆಯಲ್ಲಿರುತ್ತಾನೆ. ಎದ್ದು ಡಬ್ಬಿ ತೆರೆಯುವಾಗ 1 ಗಂಟೆ. ಹುಗ್ಗಿ ಇನ್ನೂ ಉಗುರುಬೆಚ್ಚಗಿದೆ, ಘಮಘಮಿಸುತ್ತಿದೆ. ಹಳಸಿದ ವಾಸನೆ ಎಳ್ಳಷ್ಟೂ ಇಲ್ಲ. "ತಿನ್ನಿಸಬಹುದೇ, ಸಿಸ್ಟರ್?" ಎಂದು ತಾಯಿ ಕೇಳುತ್ತಾಳೆ.

ದಾದಿ ಏನು ಹೇಳಬೇಕು? ಈ ಸಣ್ಣ ಪ್ರಶ್ನೆಗೆ ಸರಿಯಾದ ಉತ್ತರ ಹೇಳಲು ರಕ್ತದ ವಿಷಯ, ಸೂಕ್ಷ್ಮಜೀವಿಗಳ ವಿಷಯ, ಉಷ್ಣತೆಯ ವಿಷಯ, ಕಡೆಗೆ ಮನುಷ್ಯರ ಮನಸ್ಸಿನ ವಿಷಯ, ಇಷ್ಟನ್ನೂ ಆಕೆ ಬಲ್ಲವಳಾಗಿರಬೇಕು. ಅವುಗಳನ್ನು ಒಂದೊಂದಾಗಿ ನೋಡೋಣ.

ಕಾವಲಿಲ್ಲದ ಕೋಟೆ

ನಮ್ಮ ರಕ್ತದಲ್ಲಿರುವ ಬಿಳಿಯ ಕಣಗಳಲ್ಲಿ ನ್ಯೂಟ್ರೋಫಿಲ್ ಎಂಬುದು ಒಂದು ಜಾತಿ. ದೇಹದೊಳಕ್ಕೆ ನುಗ್ಗಿದ ರೋಗಾಣುಗಳನ್ನು ಮೊದಲು ಎದುರಿಸಿ ನುಂಗಿಹಾಕುವ ಕಾವಲುಭಟರು ಇವೇ. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸುಮಾರು 2,000 ದಿಂದ 7,000 ದವರೆಗೆ ಇರುತ್ತವೆ. ಇವುಗಳ ಆಯುಸ್ಸು ಅತ್ಯಲ್ಪ. ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವೇ ದಿನಗಳಲ್ಲಿ ಮುಗಿದುಹೋಗುತ್ತದೆ. ಆದಕಾರಣ ಎಲುಬಿನೊಳಗಣ ಮಜ್ಜೆಯು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ಹೊಸ ಕಣಗಳನ್ನು ಹುಟ್ಟಿಸುತ್ತಲೇ ಇರಬೇಕು.

ಕ್ಯಾನ್ಸರಿಗೆ ಕೊಡುವ ಅನೇಕ ಔಷಧಗಳು ಬೇಗ ಬೇಗನೆ ಇಬ್ಭಾಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುವಂಥವು. ಕ್ಯಾನ್ಸರಿನ ಕೋಶಗಳು ಹಾಗೆ ಬೆಳೆಯುವುದರಿಂದಲೇ ಅವು ಈ ಔಷಧಕ್ಕೆ ಬಲಿಯಾಗುತ್ತವೆ. ಆದರೆ ಮಜ್ಜೆಯ ಕೋಶಗಳೂ ಅಷ್ಟೇ ಬೇಗ ಬೆಳೆಯತಕ್ಕವು. ಔಷಧವು ಅವುಗಳನ್ನೂ ಬಿಡುವುದಿಲ್ಲ. ಆದುದರಿಂದ ಔಷಧ ಕೊಟ್ಟ ಸಾಮಾನ್ಯವಾಗಿ 7 ರಿಂದ 14 ದಿನಗಳಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆ ತೀರ ಕೆಳಕ್ಕೆ ಇಳಿಯುತ್ತದೆ. ಅದು 500 ಕ್ಕಿಂತಲೂ ಕಡಿಮೆಯಾದರೆ ಕಾವಲು ಎಂಬುದು ಹೆಸರಿಗೆ ಮಾತ್ರ ಉಳಿದಂತೆ. ನಾವು ಕಲ್ಪಿಸಿಕೊಂಡ ಹುಡುಗನ ಹತ್ತನೆಯ ದಿನ ಎಂಥದೆಂಬುದು ಈಗ ವಾಚಕರಿಗೆ ತಿಳಿಯಿತು.

ತೊಂದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಕರುಳಿನ ಒಳಪದರದ ಕೋಶಗಳು ಮೂರರಿಂದ ಐದು ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ. ಔಷಧವು ಅವನ್ನೂ ಬಡಿಯುತ್ತದೆ. ಬಾಯಿಯಲ್ಲಿ ನಮ್ಮ ಕಣ್ಣಿಗೆ ಕಾಣುವ ಹುಣ್ಣಿನಂತೆಯೇ ಕಣ್ಣಿಗೆ ಕಾಣದ ಹುಣ್ಣುಗಳು ಕರುಳಿನ ಉದ್ದಕ್ಕೂ ಆಗಬಹುದು. ಕಾವಲುಭಟರೂ ಇಲ್ಲ, ಗೋಡೆಯೂ ಬಿರುಕುಬಿಟ್ಟಿದೆ. ಹೀಗಿರುವಲ್ಲಿ ಊಟದ ಜೊತೆಯಲ್ಲಿ ಹೊಕ್ಕ ರೋಗಾಣುವಿಗೆ ರಕ್ತವನ್ನು ಸೇರುವುದು ಕಷ್ಟವಲ್ಲ. ಆರೋಗ್ಯವಂತನಿಗೆ ಒಂದು ದಿನದ ಹೊಟ್ಟೆನೋವಾಗಿ ಕಳೆಯುವ ಸಂಗತಿ ಈ ರೋಗಿಗೆ ಪ್ರಾಣಸಂಕಟವಾಗುವುದು ಹೀಗೆ.

ಕುದಿಸಿದರೂ ಸಾಯದ ಜೀವಿ

"ಚೆನ್ನಾಗಿ ಕುದಿಸಿ ಬೇಯಿಸಿದ ಹುಗ್ಗಿಯಲ್ಲಿ ರೋಗಾಣು ಎಲ್ಲಿಂದ ಬಂತು?" ಎಂದು ಯಾರಾದರೂ ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಕುದಿಯುವ ನೀರಿನಲ್ಲಿ ಬಹುಪಾಲು ಸೂಕ್ಷ್ಮಜೀವಿಗಳು ಸತ್ತುಹೋಗುತ್ತವೆಂಬುದು ನಿಜ. ಆದರೆ ಮಣ್ಣಿನಲ್ಲಿಯೂ, ಮಣ್ಣಿನಿಂದ ಬಂದ ಅಕ್ಕಿಬೇಳೆಗಳಲ್ಲಿಯೂ ಬ್ಯಾಸಿಲಸ್ ಸೀರಿಯಸ್ ಎಂಬ ಒಂದು ಬ್ಯಾಕ್ಟೀರಿಯ ಸಾಮಾನ್ಯವಾಗಿ ಇರುತ್ತದೆ. ಕಷ್ಟಕಾಲ ಒದಗಿದಾಗ ಇದು ಗಟ್ಟಿಯಾದ ಕವಚವನ್ನು ತೊಟ್ಟು ಬೀಜಕಣವಾಗಿ ಕುಳಿತುಬಿಡುತ್ತದೆ. ಈ ಬೀಜಕಣಗಳಲ್ಲಿ ಕೆಲವು ಅನ್ನ ಬೇಯುವ ಶಾಖವನ್ನು ಸಹಿಸಿಕೊಂಡು ಉಳಿಯುತ್ತವೆ. ಅನ್ನ ಆರಿ ಹದವಾದ ಬಿಸುಪಿಗೆ ಬಂದಾಗ ಕವಚವನ್ನು ಕಳಚಿ ಮೊಳೆಯುತ್ತವೆ. ಉಳಿದ ಜೀವಿಗಳೆಲ್ಲ ಸತ್ತಿರುವುದರಿಂದ ಎದುರಾಳಿಗಳೂ ಇಲ್ಲ; ಉಂಡಷ್ಟೂ ಅನ್ನ.

ಅಡಿಗೆ 60 ಡಿಗ್ರಿ ಸೆಂಟಿಗ್ರೇಡಿಗಿಂತ ಬಿಸಿಯಾಗಿದ್ದರೆ ಇವು ಬೆಳೆಯಲಾರವು. 5 ಡಿಗ್ರಿಗಿಂತ ತಣ್ಣಗಿದ್ದರೆ ಬಹುಮಟ್ಟಿಗೆ ಸುಮ್ಮನಿರುತ್ತವೆ. ಈ ಎರಡರ ನಡುವಣ ಹರವೇ ಅಪಾಯದ ಹರವು. ಬಟ್ಟೆ ಸುತ್ತಿ ಬಿಗಿದ ತುಂಬಿದ ಡಬ್ಬಿಯಲ್ಲಿ ಹುಗ್ಗಿಯು ಬೇಗನೆ ಆರದೆ, ಬಿಸಿಯಾಗಿಯೂ ಉಳಿಯದೆ, ಗಂಟೆಗಟ್ಟಲೆ ಇದೇ ಹರವಿನಲ್ಲಿ ಇರುತ್ತದೆ. ತಾಯಿಯು ಮಗನಿಗೆ ಬೆಚ್ಚಗಿರಲೆಂದು ಸುತ್ತಿದ ಬಟ್ಟೆಯೇ ರೋಗಾಣುವಿಗೂ ಕಂಬಳಿಯಾಯಿತು.

ಲೆಕ್ಕ ಹಾಕಿ ನೋಡೋಣ. ಹದವಾದ ಬಿಸುಪಿನಲ್ಲಿ ಅರ್ಧ ಗಂಟೆಗೊಮ್ಮೆ ಒಂದು ಎರಡಾಗುವುದೆಂದು ಇಟ್ಟುಕೊಂಡರೆ 9 ಗಂಟೆಗಳಲ್ಲಿ 18 ಸಲ ಇಮ್ಮಡಿಯಾಗುತ್ತದೆ. ಒಂದೇ ಒಂದು ಜೀವಿಯಿಂದ 2,62,144 ಆಗುತ್ತವೆ. ಬೀಜಕಣ ಮೊಳೆಯುವುದಕ್ಕೆ ಹಿಡಿಯುವ ಹೊತ್ತನ್ನು ಕಳೆದರೂ ಸಂಖ್ಯೆ ಸಣ್ಣದೇನೂ ಆಗಲಾರದು. ಹೀಗೆ ಬೆಳೆದ ಕೆಲವು ತಳಿಗಳು ವಾಂತಿಯನ್ನು ಉಂಟುಮಾಡುವ ಒಂದು ವಿಷವಸ್ತುವನ್ನು ಅನ್ನದಲ್ಲಿಯೇ ಬಿಡುತ್ತವೆ. ಈ ವಿಷವು ಮತ್ತೆ ಕುದಿಸಿದರೂ ನಾಶವಾಗುವುದಿಲ್ಲ. "ಬಿಸಿ ಮಾಡಿ ಕೊಟ್ಟರಾಯಿತು" ಎಂಬ ಸಮಾಧಾನ ಇಲ್ಲಿ ಸಲ್ಲದು. ಇನ್ನು ವಾಸನೆ, ರುಚಿ, ಬಣ್ಣ, ಇವುಗಳಲ್ಲಿ ಯಾವುದೂ ನಮಗೆ ಎಚ್ಚರಿಕೆಯನ್ನು ಕೊಡಬೇಕೆಂದಿಲ್ಲ.

ಆರೋಗ್ಯವಂತರು ಇಂತಹ ಅನ್ನವನ್ನುಂಡರೆ ಕೆಲವು ಗಂಟೆಗಳೊಳಗೆ ವಾಂತಿಯಾಗಿ ಮಾರನೆಯ ದಿನಕ್ಕೆ ಚೇತರಿಸಿಕೊಳ್ಳುತ್ತಾರೆ. ಆದರೆ ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಇದೇ ಬ್ಯಾಕ್ಟೀರಿಯ ರಕ್ತವನ್ನು ಸೇರಿ, ಮಿದುಳಿಗೂ ವ್ಯಾಪಿಸಿ, ಪ್ರಾಣವನ್ನೇ ತೆಗೆದ ಪ್ರಸಂಗಗಳು ಅಪರೂಪವಾಗಿಯಾದರೂ ವೈದ್ಯರಿಂದ ದಾಖಲಾಗಿವೆ. ಇಲ್ಲಿ ದಾದಿ ಮೋಸಹೋಗಬಹುದಾದ ಒಂದು ಸೂಕ್ಷ್ಮವಿದೆ. ಕ್ಯಾನ್ಸರಿನ ಔಷಧವೂ ವಾಂತಿಯನ್ನು ತರುವಂಥದೇ. ಆದುದರಿಂದ ಊಟದಿಂದ ಆದ ವಾಂತಿಯನ್ನು ಔಷಧದ ತಲೆಗೆ ಕಟ್ಟಿ ಸುಮ್ಮನಾಗುವುದು ಬಹು ಸುಲಭ. ಏನು ತಿಂದ, ಯಾವಾಗ ತಿಂದ ಎಂಬುದನ್ನು ಬರೆದಿಟ್ಟ ದಾದಿಯೊಬ್ಬಳೇ ಈ ವ್ಯತ್ಯಾಸವನ್ನು ಸಂಶಯಿಸಬಲ್ಲಳು.

ಚಳಿಗೆ ಅಂಜದ ಜೀವಿ

ಬುತ್ತಿಯಲ್ಲಿ ಅಪಾಯವಿದೆಯೆಂದ ಮಾತ್ರಕ್ಕೆ ಆಸ್ಪತ್ರೆಯ ಅಡಿಗೆ ತಾನಾಗಿಯೇ ನಿರಪಾಯವೆಂದು ತಿಳಿಯಕೂಡದು. 1926 ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪ್ರಯೋಗಶಾಲೆಯ ಮೊಲಗಳನ್ನು ಕೊಂದ ಒಂದು ಹೊಸ ಬ್ಯಾಕ್ಟೀರಿಯವನ್ನು ವಿಜ್ಞಾನಿಗಳು ವರ್ಣಿಸಿದರು. ಶಸ್ತ್ರಚಿಕಿತ್ಸೆಯಲ್ಲಿ ಕ್ರಿಮಿನಾಶಕಗಳನ್ನು ಬಳಕೆಗೆ ತಂದ ಜೋಸೆಫ್ ಲಿಸ್ಟರನ ನೆನಪಿಗಾಗಿ ಅದಕ್ಕೆ ಮುಂದೆ ಲಿಸ್ಟೀರಿಯ ಎಂಬ ಹೆಸರು ನಿಂತಿತು. ಇದರ ವಿಶೇಷವೆಂದರೆ ಫ್ರಿಜ್ಜಿನ ಚಳಿಯಲ್ಲಿಯೂ ಇದು ನಿಧಾನವಾಗಿ ಬೆಳೆಯಬಲ್ಲುದು. ಮಂಜುಗಟ್ಟಿಸಿದರೆ ಬೆಳವಣಿಗೆ ನಿಲ್ಲುತ್ತದೆಯೇ ಹೊರತು ಜೀವಿ ಸಾಯುವುದಿಲ್ಲ.

2010 ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಈಗಾಗಲೇ ಬೇರೆ ಕಾಯಿಲೆಗಳಿಂದ ನರಳುತ್ತಿದ್ದ 10 ಮಂದಿಗೆ ಲಿಸ್ಟೀರಿಯ ಸೋಂಕು ತಗುಲಿತು. ಅವರಲ್ಲಿ 5 ಮಂದಿ ತೀರಿಕೊಂಡರು. ಶೋಧಿಸಿದಾಗ, ಕಾರ್ಖಾನೆಯೊಂದರಲ್ಲಿ ಹೆಚ್ಚಿ ಕಳುಹಿಸಿದ್ದ ಸೆಲರಿ ಎಂಬ ಸೊಪ್ಪಿನ ದಂಟೇ ಕಾರಣವೆಂದು ಗೊತ್ತಾಯಿತು. ಅದು ಆಸ್ಪತ್ರೆಗಳ ಊಟದಲ್ಲಿಯೂ ಬೆರೆತಿತ್ತು. 2014 ಮತ್ತು 2015 ರಲ್ಲಿ ಕಾನ್ಸಾಸ್ ಪ್ರಾಂತದ ಒಂದೇ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಇದೇ ಸೋಂಕು ತಗುಲಿ 3 ಮಂದಿ ತೀರಿಕೊಂಡರು. ಅವರಿಗೆ ಕೊಟ್ಟಿದ್ದ ಹಾಲಿನ ಪಾನೀಯದಲ್ಲಿ ಬೆರೆಸಿದ ಐಸ್‌ಕ್ರೀಮಿನಲ್ಲಿ ರೋಗಾಣುವಿದ್ದಿತು. ರೋಗಿಯ ಬಾಯಿಗೆ ಹಿತವಾಗಲೆಂದು, ಮೈಗೆ ಪುಷ್ಟಿಯಾಗಲೆಂದು ಕೊಟ್ಟ ತಿನಿಸೇ ಅದು ಎಂಬುದನ್ನು ನಾವು ಗಮನಿಸಬೇಕು. ಲಿಸ್ಟೀರಿಯ ದೇಹವನ್ನು ಹೊಕ್ಕ ಮೇಲೆ ಕಾಯಿಲೆ ತಲೆದೋರಲು ಕೆಲವು ಸಲ ಎರಡು ತಿಂಗಳಿಗೂ ಮಿಕ್ಕಿ ಹಿಡಿಯುವುದುಂಟು. ಅಷ್ಟು ಹೊತ್ತಿಗೆ ತಿಂದದ್ದು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ನಮ್ಮಲ್ಲಿ ಸೆಲರಿಯ ಬಳಕೆ ಅಷ್ಟಾಗಿ ಇಲ್ಲ. ಆದರೆ ಆಸ್ಪತ್ರೆಯ ಬಾಗಿಲಿನಲ್ಲಿ ಹೆಚ್ಚಿ, ತಟ್ಟೆಯಲ್ಲಿ ಜೋಡಿಸಿಟ್ಟ ಪರಂಗಿ, ಕಲ್ಲಂಗಡಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಸಿಪ್ಪೆ ಎಂಬುದು ಹಣ್ಣಿಗೆ ಪ್ರಕೃತಿ ಕೊಟ್ಟ ಚರ್ಮ. ಅದನ್ನು ಸುಲಿದ ಗಳಿಗೆಯಿಂದ ಹಣ್ಣಿನ ರಕ್ಷಣೆ ನಮ್ಮ ಕೈಯದು, ನಮ್ಮ ಚಾಕುವಿನದು.

ಹಸಿಯದೋ, ಬೆಂದದ್ದೋ?

ಹಾಗಾದರೆ ಹಸಿಯ ಪದಾರ್ಥಗಳನ್ನೆಲ್ಲ ಒಟ್ಟಿಗೇ ನಿಷೇಧಿಸಿಬಿಟ್ಟರಾಗದೇ? ಬಹುಕಾಲ ಆಸ್ಪತ್ರೆಗಳು ಹೀಗೆಯೇ ಮಾಡಿದವು. ನ್ಯೂಟ್ರೋಫಿಲ್ ಕುಸಿದ ರೋಗಿಗೆ ಹಸಿ ಹಣ್ಣು, ಹಸಿ ತರಕಾರಿ, ಏನೂ ಕೂಡದೆಂಬ ಕಟ್ಟುನಿಟ್ಟಾದ ಪಥ್ಯ ಅನೇಕ ದೇಶಗಳಲ್ಲಿ ರೂಢಿಗೆ ಬಂತು. ತರ್ಕಕ್ಕೆ ಇದು ಒಪ್ಪುವಂತೆಯೇ ಕಾಣುತ್ತದೆ. ಆದರೆ ವಿಜ್ಞಾನವು ತರ್ಕಕ್ಕೆ ಒಪ್ಪಿದ್ದನ್ನೂ ಪರೀಕ್ಷಿಸಿ ನೋಡದೆ ಬಿಡುವುದಿಲ್ಲ.

2008 ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ತೀವ್ರ ರಕ್ತ ಕ್ಯಾನ್ಸರಿನ 153 ರೋಗಿಗಳನ್ನು ಎರಡು ತಂಡವಾಗಿ ವಿಂಗಡಿಸಲಾಯಿತು. ಒಂದು ತಂಡಕ್ಕೆ ಬೇಯಿಸಿದ ಆಹಾರ ಮಾತ್ರ. ಇನ್ನೊಂದಕ್ಕೆ ತಾಜಾ ಹಣ್ಣು ತರಕಾರಿಗಳೂ ಉಂಟು. ಬೇಯಿಸಿದುದನ್ನೇ ಉಂಡವರಲ್ಲಿ 100 ಕ್ಕೆ 29 ಮಂದಿಗೂ ಹಸಿಯದನ್ನು ಉಂಡವರಲ್ಲಿ 100 ಕ್ಕೆ 35 ಮಂದಿಗೂ ದೊಡ್ಡ ಸೋಂಕುಗಳಾದವು. ಅಷ್ಟು ಅಂತರವು ಬರಿಯ ಆಕಸ್ಮಿಕದಿಂದಲೂ ಬರಬಹುದಾದದ್ದೆಂದು ಗಣಿತ ಹೇಳಿತು. 2018 ರಲ್ಲಿ ಪ್ರಕಟವಾದ, ಕ್ಯಾನ್ಸರ್ ಪೀಡಿತ ಮಕ್ಕಳ ಮೇಲಿನ ಇನ್ನೊಂದು ಪರೀಕ್ಷೆಯಲ್ಲಿ ಒಂದು ತಂಡಕ್ಕೆ ಆಹಾರವನ್ನು ಶುಚಿಯಾಗಿ ಬಳಸುವ ನಿಯಮಗಳನ್ನು ಮಾತ್ರ ಹೇಳಿಕೊಟ್ಟರು. ಮತ್ತೊಂದಕ್ಕೆ ಆ ನಿಯಮಗಳ ಜೊತೆಗೆ ಕಟ್ಟುನಿಟ್ಟಿನ ಪಥ್ಯವನ್ನೂ ವಿಧಿಸಿದರು. ಎರಡು ತಂಡಗಳಲ್ಲಿಯೂ ಸೋಂಕು ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿದ್ದಿತು.

ಇದರ ಅರ್ಥವನ್ನು ಸರಿಯಾಗಿ ತಿಳಿಯಬೇಕು. ಏನನ್ನು ಬೇಕಾದರೂ ತಿನ್ನಬಹುದೆಂದು ಈ ಪರೀಕ್ಷೆಗಳು ಹೇಳುವುದಿಲ್ಲ. ಅಲ್ಲಿಯ ಹಣ್ಣುಗಳು ಬೀದಿಯ ತಟ್ಟೆಯವಲ್ಲ, ತೊಳೆದು ಎಚ್ಚರದಿಂದ ಸಿದ್ಧಪಡಿಸಿದವು. ಎಚ್ಚರವಿದ್ದಲ್ಲಿ ನಿಷೇಧದಿಂದ ಹೆಚ್ಚಿನ ಲಾಭ ಕಾಣಲಿಲ್ಲವೆಂಬುದಷ್ಟೇ ಅವುಗಳ ಸಾರ. ಆದರೆ ನಿಷೇಧದಿಂದ ನಷ್ಟವುಂಟು. ಬಾಯಿ ಹುಣ್ಣಾಗಿ, ರುಚಿ ಕೆಟ್ಟು, ಎರಡು ತುತ್ತಿಗೇ ತಟ್ಟೆ ಸರಿಸುವ ರೋಗಿಗೆ ಅದೂ ಬೇಡ ಇದೂ ಬೇಡವೆಂದರೆ ಆತ ಉಪವಾಸವಿರುತ್ತಾನೆ. ಮೈ ಸೊರಗಿದ ರೋಗಿ ಔಷಧದ ಪೆಟ್ಟನ್ನು ತಾಳಲಾರ. ಕೆಲವು ಸಲ ಚಿಕಿತ್ಸೆಯನ್ನೇ ಮುಂದೂಡಬೇಕಾಗುತ್ತದೆ. ಆದ್ದರಿಂದ ದಾದಿ ತಿಳಿದಿರಬೇಕಾದದ್ದು ನಿಷೇಧಗಳ ಉದ್ದನೆಯ ಪಟ್ಟಿಯನ್ನಲ್ಲ, ನಿಷೇಧದ ಕಾರಣವನ್ನು. ಕಾರಣ ಬಲ್ಲವಳು ಯಾವುದನ್ನು ಬಿಡಿಸಬೇಕು, ಯಾವುದನ್ನು ಹೇಗೆ ಉಣ್ಣಿಸಬೇಕು ಎಂಬ ಎರಡನ್ನೂ ಹೇಳಬಲ್ಲಳು. ಮಜ್ಜೆಯ ಕಸಿ ಮಾಡಿಸಿಕೊಂಡವರ ವಿಷಯದಲ್ಲಿ ಮಾತ್ರ ಆಯಾ ವೈದ್ಯರು ವಿಧಿಸಿದ ಪಥ್ಯವೇ ಪ್ರಮಾಣ.

ಮುಸುರೆಯ ಪಾಠ

ನಮ್ಮ ಅನೇಕ ಮನೆಗಳಲ್ಲಿ ಮುಸುರೆ ಎಂಬ ಕಟ್ಟಳೆಯೊಂದಿದೆ. ಬೆಂದ ಅನ್ನವನ್ನು ಮುಟ್ಟಿದ ಕೈಯಿಂದ ಉಪ್ಪಿನಕಾಯಿಯ ಭರಣಿಯನ್ನು ಮುಟ್ಟಬಾರದು. ಕೈ ತೊಳೆದೇ ಮುಟ್ಟಬೇಕು. ಉಪ್ಪಿನಕಾಯಿ ಬೂಸಲು ಹಿಡಿಯದಿರುವುದಕ್ಕೆ ಇದು ಒಳ್ಳೆಯ ಉಪಾಯವೇ. ಆದರೆ ರೋಗಿಯ ಊಟದ ವಿಷಯದಲ್ಲಿ ಈ ಕಟ್ಟಳೆಯ ದಿಕ್ಕನ್ನು ತಿರುಗಿಸಬೇಕು. ಇಲ್ಲಿ ಕಾಪಾಡಬೇಕಾದದ್ದು ಬೆಂದ ಅಡಿಗೆಯನ್ನು, ದೂರವಿಡಬೇಕಾದದ್ದು ಹಸಿಯದನ್ನು. ಹಸಿ ಕೋಳಿಯನ್ನು, ಮೊಟ್ಟೆಯ ಸಿಪ್ಪೆಯನ್ನು, ಮಣ್ಣು ಮೆತ್ತಿದ ಗೆಡ್ಡೆಯನ್ನು ಮುಟ್ಟಿದ ಕೈ, ಈಳಿಗೆ, ಮಣೆ, ಇವು ಬೆಂದ ಪದಾರ್ಥವನ್ನು ಸೋಕಕೂಡದು. ಬೆಂದ ಮೇಲೆ ಮತ್ತೆ ಬೇಯುವ ಅವಕಾಶವಿಲ್ಲವಾದುದರಿಂದ ಆಮೇಲೆ ತಗಲಿದ ರೋಗಾಣು ನೇರವಾಗಿ ಬಾಯಿಗೇ ಹೋಗುತ್ತದೆ. ಒಗ್ಗರಣೆಗೆ ಹಾಕಿದ ಮೆಣಸಿಗೂ, ಊಟದ ಮೇಲೆ ಉದುರಿಸಿದ ಮೆಣಸಿನ ಪುಡಿಗೂ ಇರುವ ವ್ಯತ್ಯಾಸ ಇದೇ. ಮಸಾಲೆಯ ಪುಡಿಗಳಲ್ಲಿ ಬೀಜಕಣಗಳು ಇರುವುದು ಸಾಮಾನ್ಯ. ಆದುದರಿಂದ ಪುಡಿಯನ್ನು ಅಡಿಗೆ ಕುದಿಯುವಾಗಲೇ ಹಾಕಬೇಕು.

ಮಡಿ ಬೇರೆ, ಶುಚಿ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಯಾರು ಮುಟ್ಟಿದರೆಂಬುದು ರೋಗಾಣುವಿಗೆ ಮುಖ್ಯವಲ್ಲ. ಮುಟ್ಟಿದ ಕೈ ಸೋಪಿನಿಂದ ತೊಳೆದದ್ದೇ ಅಲ್ಲವೇ ಎಂಬುದೊಂದೇ ಮುಖ್ಯ. ಮಡಿಯುಟ್ಟು ಮಾಡಿದ ಪಂಚಾಮೃತದಲ್ಲಿಯೂ ಕಾಯಿಸದ ಹಾಲಿರಬಹುದು. ದೇವರ ತೀರ್ಥಪ್ರಸಾದಗಳು ಬಂದಾಗ ಕಣ್ಣಿಗೊತ್ತಿಕೊಂಡು, ಗುಣವಾದ ಮೇಲೆ ಸ್ವೀಕರಿಸಬಹುದೆಂದು ಹೇಳುವ ದಾದಿ ಯಾರ ಭಕ್ತಿಯನ್ನೂ ನೋಯಿಸುವುದಿಲ್ಲ, ರೋಗಿಯನ್ನೂ ಅಪಾಯಕ್ಕೆ ಗುರಿಮಾಡುವುದಿಲ್ಲ.

ದಾದಿಯ ಮೂರು ಪ್ರಶ್ನೆಗಳು

ವಿಶ್ವ ಆರೋಗ್ಯ ಸಂಸ್ಥೆಯು 2001 ರಲ್ಲಿ ಆಹಾರದ ಸುರಕ್ಷತೆಗೆ ಐದು ಸೂತ್ರಗಳನ್ನು ಪ್ರಕಟಿಸಿತು: ಶುಚಿಯಾಗಿರುವುದು, ಹಸಿಯದನ್ನೂ ಬೆಂದದ್ದನ್ನೂ ಬೇರೆ ಬೇರೆ ಇಡುವುದು, ಪೂರ್ತಿಯಾಗಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿ ಇಡುವುದು, ನಿರ್ಮಲವಾದ ನೀರನ್ನೂ ಸಾಮಗ್ರಿಯನ್ನೂ ಬಳಸುವುದು. ಈ ಐದನ್ನೂ ರೋಗಿಯ ಹಾಸಿಗೆಯ ಬಳಿಗೆ ತಂದರೆ ದಾದಿ ಕೇಳಬೇಕಾದ ಮೂರು ಪ್ರಶ್ನೆಗಳಾಗುತ್ತವೆ. ಯಾವಾಗ ಮಾಡಿದ್ದು? ಹೇಗೆ ಇಟ್ಟದ್ದು? ಬೆಂದ ಮೇಲೆ ಏನು ಸೋಕಿತು?

ಮಾಡಿ ಎರಡು ಗಂಟೆ ದಾಟಿದ, ಬಿಸಿಯಾಗಿಯೂ ಇರದ ತಣ್ಣಗೂ ಇರದ ಅಡಿಗೆ ಬೇಡ. ಕುದಿಯುವ ನೀರಿನಿಂದ ಮೊದಲೇ ಬಿಸಿಮಾಡಿಕೊಂಡ ಫ್ಲಾಸ್ಕಿನಲ್ಲಿ, ತೆರೆದಾಗ ಹಬೆಯಾಡುವಂತೆ ತಂದ ಗಂಜಿಯನ್ನು ಕೊಡಬಹುದು. ತೆಂಗಿನಕಾಯಿಯ ಚಟ್ನಿ ಬೇಯದೆ ಅರೆದದ್ದಾದುದರಿಂದಲೂ ಬೇಗ ಕೆಡುವುದರಿಂದಲೂ ದೂರವಿರಲಿ. ಬಿಸಿ ಇಡ್ಲಿಗೆ ಕುದಿಸಿದ ಸಾರು ಸಾಕು. ಮೊಟ್ಟೆಯಾದರೆ ಒಳಗಿನ ಹಳದಿ ಗಟ್ಟಿಯಾಗುವಷ್ಟು ಬೇಯಬೇಕು. ಹಣ್ಣಾದರೆ ಇಡಿಯ ಹಣ್ಣು. ಬಾಳೆ, ಕಿತ್ತಳೆಗಳಂತೆ ಸುಲಿಯುವಂಥದು. ಹೊರಗೆ ತೊಳೆದು, ತೊಳೆದ ಕೈಯಿಂದ ಸುಲಿದು ಆಗಲೇ ಕೊಡಬೇಕು. ನೀರು ಕುದಿದು ಆರಿದ್ದಾಗಿರಲಿ. ಅದರೊಳಕ್ಕೆ ಲೋಟವನ್ನೂ ಬೆರಳನ್ನೂ ಅದ್ದದಿರಲಿ. ಮಂಜುಗಡ್ಡೆ, ಕಬ್ಬಿನ ಹಾಲು, ಬೀದಿಯ ಪಾನಕ ಇವು ಬೇಡ. ಮೊಸರಿನ ವಿಷಯದಲ್ಲಿ ಎಲ್ಲ ಆಸ್ಪತ್ರೆಗಳ ಪದ್ಧತಿ ಒಂದೇ ಅಲ್ಲದ್ದರಿಂದ ವೈದ್ಯರನ್ನು ಕೇಳಿ ಕೊಡಬೇಕು. ಔಷಧದ ಫ್ರಿಜ್ಜಿನಲ್ಲಿ ಊಟದ ಡಬ್ಬಿಯನ್ನು ಇಡಲೇಕೂಡದು.

ದಾದಿಯ ಕೈಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ಒಂದು ಹಾಸಿಗೆಯ ಮಲಪಾತ್ರೆಯನ್ನು ತೆಗೆದ ಕೈ ಮತ್ತೊಂದು ಹಾಸಿಗೆಯ ಗಂಜಿಯ ಬಟ್ಟಲನ್ನು ಹಿಡಿಯುವ ಮುನ್ನ ಸೋಪು ನೀರುಗಳನ್ನು ಕಾಣಲೇಬೇಕು. ಕೈಗೆ ಸವರಿಕೊಳ್ಳುವ ಮದ್ಯಸಾರದ ದ್ರವವು ಅನೇಕ ರೋಗಾಣುಗಳನ್ನು ಕೊಲ್ಲುತ್ತದೆಯಾದರೂ ಬೀಜಕಣಗಳನ್ನು ಕೊಲ್ಲಲಾರದು; ಅವನ್ನು ಉಜ್ಜಿ ತೊಳೆದೇ ಕಳೆಯಬೇಕು. ರೋಗಿಯ ಕೈಯನ್ನೂ ಊಟಕ್ಕೆ ಮುಂಚೆ ತೊಳೆಸಬೇಕು. ನಾವು ಕೈಯಿಂದಲೇ ಉಣ್ಣುವ ಜನವಲ್ಲವೇ?

ಇಷ್ಟೆಲ್ಲ ಮಾಡಿದರೂ ಸೋಂಕು ಬರಬಹುದು. ನ್ಯೂಟ್ರೋಫಿಲ್ ಇಲ್ಲದ ದೇಹದಲ್ಲಿ ಕೀವು ಕಟ್ಟುವುದಿಲ್ಲ, ಊತ ಅಷ್ಟಾಗಿ ಕಾಣುವುದಿಲ್ಲ. ಎಷ್ಟೋ ಸಲ ಜ್ವರವೊಂದೇ ಸುಳಿವು. 38 ಡಿಗ್ರಿಯ ಜ್ವರ ಒಂದು ಗಂಟೆ ನಿಂತರೆ, ಇಲ್ಲವೆ ಒಂದೇ ಸಲ 38.3 ಮುಟ್ಟಿದರೆ, ಬೆಳಗಾಗಲಿ ನೋಡೋಣವೆನ್ನದೆ ಆ ಕ್ಷಣವೇ ವೈದ್ಯರನ್ನು ಕರೆಯಬೇಕು. ಗಂಟೆಯೊಳಗೆ ಮದ್ದು ರಕ್ತವನ್ನು ಸೇರಿದರೆ ಉಳಿಯುವ ಜೀವ, ತಡವಾದರೆ ಉಳಿಯದೆ ಹೋಗಬಹುದು.

ತಿಳಿವಳಿಕೆ ಎಲ್ಲಿ ಸಾಲದು?

ದಾದಿಯರಿಗೆ ಇವೆಲ್ಲ ಗೊತ್ತಿರುವುದಿಲ್ಲವೇ? ಇಟಲಿಯ ಸಿಸಿಲಿ ದ್ವೀಪದ ಎರಡು ಆಸ್ಪತ್ರೆಗಳ ದಾದಿಯರನ್ನು ಕುರಿತ ಒಂದು ಸಮೀಕ್ಷೆ 2007 ರಲ್ಲಿ ಪ್ರಕಟವಾಯಿತು. ಶುಚಿಯಾಗಿರಬೇಕು, ಉಷ್ಣತೆಯನ್ನು ಗಮನಿಸಬೇಕು ಎಂಬ ಮನೋಭಾವ ಅವರಲ್ಲಿ ಚೆನ್ನಾಗಿಯೇ ಇದ್ದಿತು. ಆದರೆ ಯಾವ ರೋಗಾಣು ಯಾವ ಆಹಾರದಿಂದ ಬರುತ್ತದೆ, ಬಿಸಿಯ ಊಟವನ್ನೂ ತಣ್ಣನೆಯ ಊಟವನ್ನೂ ಎಷ್ಟು ಉಷ್ಣತೆಯಲ್ಲಿ ಇಡಬೇಕು ಎಂದು ಕೇಳಿದಾಗ ಅನೇಕರ ಉತ್ತರಗಳು ತಪ್ಪಿದವು. ಕೊರತೆ ಇದ್ದದ್ದು ಶ್ರದ್ಧೆಯಲ್ಲಲ್ಲ, ವಿವರದಲ್ಲಿ. ಇದು ಸಿಸಿಲಿಯೊಂದರ ಮಾತೆಂದು ನಾವು ನಿಶ್ಚಿಂತರಾಗುವಂತಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ಬುತ್ತಿ ತರುವವರು ಹೆಚ್ಚು, ಬಿಸಿಲು ಹೆಚ್ಚು, ಒಬ್ಬ ದಾದಿಯ ಪಾಲಿಗೆ ಬರುವ ಹಾಸಿಗೆಗಳೂ ಹೆಚ್ಚು.

ಫ್ಲಾರೆನ್ಸ್ ನೈಟಿಂಗೇಲ್ 1859 ರಲ್ಲಿ ಶುಶ್ರೂಷೆಯ ಮೇಲೆ ಬರೆದ ಪುಸ್ತಕದಲ್ಲಿ ರೋಗಿಯ ಆಹಾರಕ್ಕಾಗಿಯೇ ಎರಡು ಅಧ್ಯಾಯಗಳನ್ನು ಮೀಸಲಿಟ್ಟಳು. ಊಟವು ಶುಶ್ರೂಷೆಯ ಹೊರಗಿನ ಕೆಲಸವಲ್ಲ, ಅದರ ನಡುಮನೆ ಎಂಬುದನ್ನು ಆಕೆ ಅಂದೇ ಕಂಡಿದ್ದಳು. ಆದರೆ ತಿಳಿವಳಿಕೆಯನ್ನು ದಾದಿಯ ತಲೆಯ ಮೇಲೆ ಹೊರಿಸಿ ಕೈಗೆ ಏನನ್ನೂ ಕೊಡದಿರುವುದು ನ್ಯಾಯವಲ್ಲ. ವಾರ್ಡಿಗೊಂದು ಆಹಾರದ ಉಷ್ಣಮಾಪಕ, ರೋಗಿಗಳ ಊಟಕ್ಕೆಂದೇ ಒಂದು ಫ್ರಿಜ್ಜು, ಹಾಸಿಗೆಗಳ ಹತ್ತಿರದಲ್ಲಿ ನಲ್ಲಿ ಮತ್ತು ಸೋಪು, ದೂರದ ಊರಿನಿಂದ ಬಂದವರಿಗೆ ಗಂಜಿ ಕಾಯಿಸಿಕೊಳ್ಳಲು ಒಂದು ಒಲೆ, ಓದಬಲ್ಲ ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ, ಇವು ಬಹಳ ವೆಚ್ಚದವಲ್ಲ. ಒಂದು ದಿನದ ಔಷಧದ ಬೆಲೆಯ ಮುಂದೆ ಇವುಗಳ ಬೆಲೆ ಏನೂ ಅಲ್ಲ.

ಇನ್ನು ನಮ್ಮ ಹುಡುಗನ ಹಾಸಿಗೆಯ ಬಳಿಗೆ ಮರಳೋಣ. ಡಬ್ಬಿ ತೆರೆದಿದೆ. ತಾಯಿ ಉತ್ತರಕ್ಕಾಗಿ ಕಾದಿದ್ದಾಳೆ. ಕಾರಣವನ್ನು ತಿಳಿಯದ ದಾದಿಯಾದರೆ, "ಹೊರಗಿನದು ಏನೂ ಕೊಡಬೇಡಿ" ಎಂದು ಗದರಿ ಮುಂದೆ ಹೋಗುತ್ತಾಳೆ. ಆಕೆಯ ಬೆನ್ನು ತಿರುಗಿದ ಮೇಲೆ ತಾಯಿ ಎರಡು ತುತ್ತು ತಿನ್ನಿಸಿಯೇ ಬಿಡುತ್ತಾಳೆ. ಕಾರಣ ಬಲ್ಲ ದಾದಿ ಹಾಸಿಗೆಯ ಅಂಚಿನಲ್ಲಿ ನಿಂತು, "ಅಮ್ಮಾ, ಎಷ್ಟು ಹೊತ್ತಿಗೆ ಮಾಡಿದಿರಿ?" ಎಂದು ಕೇಳುತ್ತಾಳೆ. "ಬೆಳಗಿನ ಜಾವ ನಾಲ್ಕಕ್ಕೆ" ಎಂದ ಮೇಲೆ, "ನೀವು ಮಾಡಿದ್ದರಲ್ಲಿ ತಪ್ಪಿಲ್ಲ, ದಾರಿ ಬಹಳ ದೂರವಾಯಿತು. ಈ ವಾರ ಅವನ ಮೈಯಲ್ಲಿ ಕಾವಲಿಲ್ಲ. ನಾಳೆಯಿಂದ ಬೆಂದದ್ದನ್ನು ತರಬೇಡಿ. ಅಕ್ಕಿ, ಬೇಳೆ, ರಾಗಿಹಿಟ್ಟು ತನ್ನಿ. ಇಲ್ಲಿಯೇ ಒಲೆಯಿದೆ, ನಿಮ್ಮ ಕೈಯಿಂದಲೇ ಮಾಡಿ ಬಿಸಿಬಿಸಿಯಾಗಿ ಉಣ್ಣಿಸಿ" ಎನ್ನುತ್ತಾಳೆ.

ಒಣಗಿದ ಅಕ್ಕಿ ಒಂಬತ್ತು ಗಂಟೆಯಲ್ಲ, ಒಂಬತ್ತು ದಿನ ಪ್ರಯಾಣ ಮಾಡಿದರೂ ಕೆಡುವುದಿಲ್ಲ. ನೀರೂ ಬಿಸುಪೂ ಸೇರಿದಾಗಲೇ ಬೀಜಕಣ ಮೊಳೆಯುವುದು. ಈ ಒಂದು ಸಂಗತಿಯನ್ನು ಬಲ್ಲ ದಾದಿ ತಾಯಿಯ ಪ್ರೀತಿಯನ್ನು ಹಿಂದಕ್ಕೆ ಕಳುಹಿಸುವುದಿಲ್ಲ. ಅದು ಮಗನನ್ನು ಸುರಕ್ಷಿತವಾಗಿ ಮುಟ್ಟುವ ದಾರಿಯನ್ನು ತೋರಿಸುತ್ತಾಳೆ. ಅಂದು ಸಾಯಂಕಾಲ ಹುಡುಗ ಬಿಸಿ ಗಂಜಿಯನ್ನು ಎಷ್ಟು ಉಂಡನೆಂಬುದನ್ನು ಆಕೆ ಪುಸ್ತಕದಲ್ಲಿ ಬರೆದಿಡುತ್ತಾಳೆ. ಜ್ವರದ ಪಟ್ಟಿಯ ಪಕ್ಕದಲ್ಲಿ ಆ ಒಂದು ಸಾಲಿಗೂ ಸ್ಥಳವಿರಬೇಕು.